ಆರ್ಗ್ ಚಾರ್ಟ್ ಬದಲಾಯ್ತು ಸರಿ, ಇನ್ಮೇಲೆ ತೀರ್ಮಾನ ತಗೊಳ್ಳೋದು ಯಾರು?

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಲಿ ಕಸ್ಟಮರ್‌ಗೆ ರೀಫಂಡ್ ಕೊಡೋಕೆ 2 ದಿನ ಸಾಕಾಗ್ತಿತ್ತು, ರೀಸ್ಟ್ರಕ್ಚರಿಂಗ್ ಆದ್ಮೇಲೆ ಅದೇ ಕೆಲಸ 11 ದಿನ ಹಿಡಿಯೋಕೆ ಶುರುವಾಯ್ತು. ಯಾರೂ ಸೋಮಾರಿಗಳಾಗಿರಲಿಲ್ಲ, ಸಾಫ್ಟ್‌ವೇರ್ ಕೆಟ್ಟಿರಲಿಲ್ಲ, ಆ ದಾರಿಯಲ್ಲಿ ಕಮ್ಮಿ ಆಗಿದ್ದು ಒಬ್ಬರೇ ಒಬ್ಬರು. ಸಪೋರ್ಟ್ ಟೀಮಿಗೂ ಅಕೌಂಟ್ಸ್‌ಗೂ ಮಧ್ಯೆ ಒಬ್ಬರು ಮೇಡಂ ಇದ್ರು, ಕೋ-ಆರ್ಡಿನೇಷನ್ ಮ್ಯಾನೇಜರ್ ಅಂತ ಡೆಸಿಗ್ನೇಷನ್, ಅವರು ಏನ್ ಕೆಲಸ ಮಾಡ್ತಾರೆ ಅಂತ ಹೊಸಬರು ಕೇಳಿದ್ರೆ ಒಂದೇ ಮಾತಲ್ಲಿ ಹೇಳೋಕೆ ನಮಗ್ಯಾರಿಗೂ ಬರ್ತಿರಲಿಲ್ಲ. ಕೇಸ್ ಬಂದ್ರೆ ಓದೋರು, ಇದು ನಿಜವಾದ ದೂರಾ ಇಲ್ಲಾ ಸುಮ್ನೆ ತಗಾದೆನಾ ಅಂತ ವರ್ಷಗಟ್ಟಲೆ ನೋಡಿದ ಕಣ್ಣಿಗೆ ಗೊತ್ತಾಗ್ಬಿಡ್ತಿತ್ತು, ಅಕೌಂಟ್ಸ್‌ನಲ್ಲಿ ಯಾರಿಗೆ ಫೋನ್ ಮಾಡಿದ್ರೆ ಇವತ್ತೇ ಆಗತ್ತೆ ಅನ್ನೋದೂ ಗೊತ್ತಿತ್ತು, ಅಲ್ಲಿಗೆ ಮುಗೀತು. ಹೊಸ ಆರ್ಗ್ ಚಾರ್ಟ್‌ನಲ್ಲಿ, ಅಂದ್ರೆ ಯಾರ ಕೆಳಗೆ ಯಾರು ಅಂತ ಬಾಕ್ಸು, ಗೆರೆ ಹಾಕಿ ತೋರಿಸೋ ಚಿತ್ರದಲ್ಲಿ, ಆ ಬಾಕ್ಸೇ ಇರಲಿಲ್ಲ. ಅದಾದ್ಮೇಲೆ ಕೇಸ್ ಸಪೋರ್ಟ್ ಹೆಡ್ ಹತ್ರ 3 ದಿನ ಕೂತ್ಕೊಳ್ತಿತ್ತು, ಅಲ್ಲಿಂದ ಫೈನಾನ್ಸ್‌ಗೆ ಹೋಗಿ "ಇದನ್ನ ಅಪ್ರೂವ್ ಮಾಡೋ ಅಧಿಕಾರ ನಮಗಿದ್ಯಾ" ಅನ್ನೋ ಪ್ರಶ್ನೆ ಹೊತ್ಕೊಂಡು ವಾಪಸ್ ಬರ್ತಿತ್ತು, ಆಮೇಲೆ ಇಬ್ಬರೂ ಸೇರಿ ಮೇಲಿನೋರಿಗೆ ಮೇಲ್ ಹಾಕೋರು, ಆ ಮೇಲಿನೋರು ಬೆಳಗ್ಗೆಯಿಂದ ಸಂಜೆವರೆಗೂ ಮೀಟಿಂಗ್‌ನಲ್ಲೇ ಇರೋರು. 11 ದಿನ ಆಗಿದ್ದು ಹೀಗೆ.

ರೀಸ್ಟ್ರಕ್ಚರಿಂಗ್ ಅಂತ ಯಾರು ಬಾಯ್ತೆರೆದ್ರೂ ನಂಗೆ ಈ ರೀಫಂಡೇ ನೆನಪಾಗತ್ತೆ. ಸಂಸ್ಥೆಯ ರಚನೆ ಅಂದ್ರೆ ಬಾಕ್ಸು, ಗೆರೆ ಇರೋ ಒಂದು ಚಿತ್ರ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಆದ್ರೆ ಆ ಚಿತ್ರ ತೋರಿಸ್ಬೇಕಾಗಿರೋದು ಯಾವ ತೀರ್ಮಾನ ಯಾರದ್ದು, ಯಾವ ಸುದ್ದಿ ಯಾರಿಗೆ ಮುಟ್ಟಬೇಕು, ದುಡ್ಡಿನ ಚೀಲ ಯಾರ ಕೈಲಿದೆ, ಯಾರ ಕೆಲಸನ ಯಾರು ಅಳೀತಾರೆ ಅನ್ನೋದನ್ನ. ಚಿತ್ರ ಬದಲಾಯಿಸೋಕೆ ಒಂದು ವಾರ ಸಾಕು. ಈ ವಿಷಯಗಳು ಬದಲಾಗೋಕೆ ವರ್ಷಗಳೇ ಬೇಕು, ಎಷ್ಟೋ ಕಡೆ ಅವು ಬದಲಾಗೋದೇ ಇಲ್ಲ, ಬಾಗಿಲ ಮೇಲಿನ ಹೆಸರು ಮಾತ್ರ ಬದಲಾಗಿರತ್ತೆ.

ಚಾರ್ಟ್ ಅನ್ನೋದು ಹುಟ್ಟಿದ್ದೇ ಈ ತೀರ್ಮಾನದ ಪ್ರಶ್ನೆಯಿಂದ. 1850ರ ದಶಕದಲ್ಲಿ ಅಮೆರಿಕದ ಈರೀ ರೈಲ್ವೆ ಹೆಚ್ಚೂಕಮ್ಮಿ 500 ಮೈಲಿ ಉದ್ದ ಬೆಳೆದಿತ್ತು, ಅದನ್ನ ನೋಡ್ಕೊಳ್ತಿದ್ದೋರು ಡೇನಿಯಲ್ ಮೆಕ್‌ಕಾಲಮ್. ಅವರು ಗಮನಿಸಿದ್ದು ತುಂಬಾ ಸರಳವಾದ ವಿಷಯ, 50 ಮೈಲಿಯ ಲೈನ್ ಆದ್ರೆ ಒಬ್ಬ ಸೂಪರಿಂಟೆಂಡೆಂಟ್ ಖುದ್ದಾಗಿ ಓಡಾಡಿ ನೋಡ್ಕೋಬಹುದು, ಕೆಲಸಗಾರರ ಪರಿಚಯ ಇರತ್ತೆ, ಅದೇ 500 ಮೈಲಿ ಆದ್ರೆ ಆ ಪದ್ಧತಿ ಪೂರ್ತಿ ಕುಸಿದು ಬೀಳತ್ತೆ. ಟೆಲಿಗ್ರಾಫ್ ಬೇರೆ ಬಂದಿತ್ತು, ಸುದ್ದಿ ರಾಶಿ ರಾಶಿ ಬರ್ತಿತ್ತು, ಆ ಸುದ್ದಿ ನೋಡಿ ಏನಾದ್ರೂ ಮಾಡ್ಬೇಕಾದೋರು ಯಾರು ಅನ್ನೋದು ಗೊತ್ತಾಗ್ಬೇಕಿತ್ತು. 1855ರಲ್ಲಿ ಅವರು ಮಾಡಿಸಿದ ಚಾರ್ಟ್ ನೋಡೋಕೆ ಗಿಡದ ಥರ ಇದೆ, ಬೋರ್ಡೂ ಪ್ರೆಸಿಡೆಂಟೂ ಕೆಳಗೆ ಬುಡದಲ್ಲಿ, ರೈಲ್ವೆಯ ಒಂದೊಂದು ಡಿವಿಷನ್ನೂ ಕೊಂಬೆಯಾಗಿ ಮೇಲಕ್ಕೆ ಹರಡ್ಕೊಂಡಿದೆ. ನಾವಿವತ್ತು ಬಿಡಿಸೋ ಪಿರಮಿಡ್‌ಗಿಂತ ಆ ಚಿತ್ರನೇ ನಂಗೆ ಇಷ್ಟ, ಯಾಕಂದ್ರೆ ಬುಡದ ಕೆಲಸ ಕೊಂಬೆಗೆ ನೀರು ಕೊಡೋದು ಅಂತ ನೋಡಿದ ತಕ್ಷಣ ಗೊತ್ತಾಗತ್ತೆ.

ಸಂಸ್ಥೆಗಳು ಯಾಕೆ ರಚನೆ ಬದಲಾಯಿಸ್ತಾವೆ ಅನ್ನೋದಕ್ಕೆ ಇತಿಹಾಸಕಾರ ಆಲ್ಫ್ರೆಡ್ ಚಾಂಡ್ಲರ್ 1962ರಲ್ಲಿ ಕೊಟ್ಟ ಉತ್ತರ ಇವತ್ತಿಗೂ ಗಟ್ಟಿಯಾಗೇ ನಿಂತಿದೆ, ಕಂಪನಿ ಏನು ಮಾಡೋಕೆ ಹೊರಟಿದೆ ಅನ್ನೋದು ಮೊದಲು ಬದಲಾಗತ್ತೆ, ಹಳೇ ರಚನೆಗೆ ಅದನ್ನ ತಾಳೋಕಾಗಲ್ಲ, ಆಗ ರಚನೆ ಬದಲಾಗತ್ತೆ. ಅವರು ನೋಡಿದ ಕಂಪನಿಗಳಲ್ಲಿ ಡುಪಾಂಟ್ ಒಂದು. ಮೊದಲ ಮಹಾಯುದ್ಧದ ತನಕ ಅದು ಮುಖ್ಯವಾಗಿ ಸಿಡಿಮದ್ದು ಮಾಡ್ತಿತ್ತು, ಯುದ್ಧ ಮುಗಿದ್ಮೇಲೆ ಪೇಂಟು, ಬಣ್ಣ, ಕೆಮಿಕಲ್ಸ್ ಅಂತ ಹರಡ್ಕೊಳ್ತು, ಆದ್ರೆ ಮಾರಾಟಕ್ಕೆ ಒಂದೇ ವಿಭಾಗ, ಉತ್ಪಾದನೆಗೆ ಒಂದೇ ವಿಭಾಗ. ದೊಡ್ಡ ದೊಡ್ಡ ಗಿರಾಕಿಗಳಿಗೆ ಟನ್‌ಗಟ್ಟಲೆ ಸಿಡಿಮದ್ದು ಮಾರಿ ಗೊತ್ತಿದ್ದ ಜನಕ್ಕೆ ಅಂಗಡಿಗೆ ಪೇಂಟ್ ಡಬ್ಬ ಮಾರೋ ವಿದ್ಯೆ ಗೊತ್ತಿರಲಿಲ್ಲ, ಪೇಂಟಿನಲ್ಲಿ ನಷ್ಟ ಆಗ್ತಾನೇ ಹೋಯ್ತು, ನಷ್ಟಕ್ಕೆ ಹೊಣೆ ಯಾರು ಅಂದ್ರೆ ಯಾರೂ ಅಲ್ಲ. ಕೊನೆಗೆ 1921ರಲ್ಲಿ ಒಂದೊಂದು ಉತ್ಪನ್ನಕ್ಕೂ ಬೇರೆ ಬೇರೆ ಡಿವಿಷನ್ ಮಾಡಿದ್ರು, ಒಂದೊಂದಕ್ಕೂ ಅದರದ್ದೇ ಲಾಭ-ನಷ್ಟದ ಲೆಕ್ಕ. ಅದೇ ಕಾಲದಲ್ಲಿ ಜನರಲ್ ಮೋಟರ್ಸ್‌ನ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಒಂದೊಂದು ಕಾರ್ ಕಂಪನಿನೂ ಕೊಂಡು ಕೊಂಡು ಗುಡ್ಡೆ ಹಾಕಿದ್ರು, ಯಾರ ಮೇಲೂ ಯಾರಿಗೂ ಹಿಡಿತ ಇರಲಿಲ್ಲ, 1920ರ ಮಂದಗತಿಯಲ್ಲಿ ಮಾರಾಟ ಆಗದ ಸರಕು ಸಿಕ್ಕಾಪಟ್ಟೆ ಸೇರ್ಕೊಂಡು ಕಂಪನಿನೇ ಅಲ್ಲಾಡಿಹೋಯ್ತು. 1923ರಲ್ಲಿ ಪ್ರೆಸಿಡೆಂಟ್ ಆದ ಆಲ್ಫ್ರೆಡ್ ಸ್ಲೋನ್ ಡಿವಿಷನ್‌ಗಳನ್ನ ಹಾಗೇ ಇಟ್ಕೊಂಡು ಹಣಕಾಸಿನ ಲೆಕ್ಕ, ದೊಡ್ಡ ಧೋರಣೆ ಮಾತ್ರ ಮಧ್ಯಕ್ಕೆ ಎಳ್ಕೊಂಡ್ರು. ಒಬ್ಬರದ್ದು ಅತಿ ಬಿಗಿ, ಇನ್ನೊಬ್ಬರದ್ದು ಅತಿ ಸಡಿಲ, ಎರಡು ಬೇರೆ ಬೇರೆ ಕಾಯಿಲೆ, ಹೋಗಿ ಸೇರಿದ್ದು ಒಂದೇ ರಚನೆಗೆ. ಹಂಗಂತ ಅದೇ ಸರ್ವರೋಗಕ್ಕೂ ಮದ್ದು ಅಂತಲ್ಲ. 1997ರಲ್ಲಿ ಸ್ಟೀವ್ ಜಾಬ್ಸ್ ಆಪಲ್‌ಗೆ ವಾಪಸ್ ಬಂದಾಗ ಮಾಡಿದ್ದು ಇದರ ತದ್ವಿರುದ್ಧ, ಡಿವಿಷನ್‌ಗಳ ಜನರಲ್ ಮ್ಯಾನೇಜರ್‌ಗಳನ್ನ ತೆಗೆದು ಇಡೀ ಕಂಪನಿಗೆ ಒಂದೇ ಲಾಭ-ನಷ್ಟದ ಲೆಕ್ಕ ಮಾಡಿದ್ರು, ಯಾಕಂದ್ರೆ ಅವರು ಮಾಡೋಕೆ ಹೊರಟಿದ್ದು ಕೆಲವೇ ಕೆಲವು ಪ್ರಾಡಕ್ಟು.

ಪ್ರಾಡಕ್ಟಿನ ಡಿವಿಷನ್ನೂ ಬೇಕು, ಮಾರಾಟ, ಉತ್ಪಾದನೆ ಥರದ ವಿಭಾಗಾನೂ ಬೇಕು ಅನ್ನೋರು ಮ್ಯಾಟ್ರಿಕ್ಸ್ ಅನ್ನೋ ರಚನೆ ತಂದ್ರು. ಪ್ರಾಡಕ್ಟಿಗೊಬ್ಬ ಬಾಸು, ವಿಭಾಗಕ್ಕೊಬ್ಬ ಬಾಸು, ಮಧ್ಯದಲ್ಲಿ ಕೆಲಸ ಮಾಡೋನು ಒಬ್ಬನೇ. ಇಬ್ಬರು ಬಾಸ್‌ಗಳಿಗೂ ಹೊಂದಾಣಿಕೆ ಇದ್ರೆ ಚೆನ್ನಾಗೇ ನಡೆಯತ್ತೆ, ಇಲ್ಲಾಂದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗೆ ಆಗತ್ತೆ, ಇದರ ಬಗ್ಗೆ ಹೆಚ್ಚು ಹೇಳೋದೇನಿಲ್ಲ, ಅನುಭವಿಸಿದೋರಿಗೆ ಗೊತ್ತು.

ಈಗ ನಡೀತಿರೋ ಅಲೆ ಬೇರೆ, ಮಧ್ಯದ ಪದರಗಳನ್ನ ತೆಗೆದು ಸಂಸ್ಥೆನ ಚಪ್ಪಟೆ ಮಾಡೋದು. ಫೇಸ್‌ಬುಕ್‌ನ ಕಂಪನಿ ಮೆಟಾ 2023ನ್ನ ದಕ್ಷತೆಯ ವರ್ಷ ಅಂತ ಕರೀತು, ಆ ವರ್ಷದ ಮಾರ್ಚ್‌ನಲ್ಲಿ ಸುಮಾರು 10,000 ಕೆಲಸ ಕಡಿತದ ಜೊತೆಗೆ ಪದರಗಳನ್ನ ಕಮ್ಮಿ ಮಾಡ್ತೀವಿ, ಎಷ್ಟೋ ಮ್ಯಾನೇಜರ್‌ಗಳು ಮತ್ತೆ ನೇರ ಕೆಲಸಕ್ಕೆ ಇಳೀಬೇಕು ಅಂತ ಹೇಳ್ತು. ಅಮೆಜಾನ್‌ನ ಸಿಇಒ ಆಂಡಿ ಜಾಸಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಲೆಕ್ಕನೇ ಕೊಟ್ರು, 2025ರ ಮೊದಲ ತ್ರೈಮಾಸಿಕ ಮುಗಿಯೋದ್ರೊಳಗೆ ಮ್ಯಾನೇಜರ್‌ಗಳಿಗೆ ಹೋಲಿಸಿದ್ರೆ ನೇರ ಕೆಲಸ ಮಾಡೋರ ಅನುಪಾತ ಕನಿಷ್ಠ 15% ಏರಬೇಕು ಅಂತ. ಜರ್ಮನಿಯ ಔಷಧಿ ಕಂಪನಿ ಬಾಯರ್‌ನಲ್ಲಿ 2023ರಲ್ಲಿ ಬಂದ ಸಿಇಒ ಬಿಲ್ ಆಂಡರ್ಸನ್ ಸಾವಿರಾರು ಮ್ಯಾನೇಜರ್ ಹುದ್ದೆಗಳನ್ನ ತೆಗೆದು ಸಣ್ಣ ಸಣ್ಣ ಟೀಮುಗಳಿಗೆ ತೀರ್ಮಾನ ಬಿಟ್ಕೊಡೋ ಪದ್ಧತಿ ಶುರು ಮಾಡಿದ್ರು, ಅವರು ಬಂದಾಗ ಆ ಕಂಪನಿಯ ಒಳಗಿನ ನಿಯಮಗಳೇ 1,300ಕ್ಕೂ ಹೆಚ್ಚು ಪುಟ ಇದ್ವು. ಕೋವಿಡ್ ಟೈಮಲ್ಲಿ ಕಣ್ಮುಚ್ಚಿ ಜನ ತಗೊಂಡಿದ್ದು, ಆಮೇಲೆ ಬಡ್ಡಿ ದರ ಏರಿದ್ದು, ಈಗ ಎಐ ಬಂದು ರಿಪೋರ್ಟ್ ಬರಿಯೋದು, ಸ್ಟೇಟಸ್ ಕಲೆಹಾಕೋದು ಎಲ್ಲ ಅದೇ ಮಾಡತ್ತೆ ಅನ್ನೋ ನಂಬಿಕೆ, ಎಲ್ಲಾ ಸೇರಿ ಈ ಅಲೆ ಎದ್ದಿದೆ.

ಪದರ ಕಮ್ಮಿ ಮಾಡೋದ್ರ ಆಕರ್ಷಣೆ ಏನು ಅಂತ ನೋಡ್ಬೇಕಂದ್ರೆ ಒಂದು ಲೆಕ್ಕ ಹಾಕಿ. 4,096 ಜನ ನೇರ ಕೆಲಸ ಮಾಡೋರು ಇದ್ದಾರೆ ಅಂತ ಇಟ್ಕೊಳ್ಳಿ. ಪ್ರತಿಯೊಬ್ಬ ಮ್ಯಾನೇಜರ್ ಕೆಳಗೂ 4 ಜನ ಅಂದ್ರೆ ಮೊದಲ ಸಾಲಿಗೇ 1,024 ಮ್ಯಾನೇಜರ್ ಬೇಕು, ಅವರ ಮೇಲೆ 256, ಅವರ ಮೇಲೆ 64, ಆಮೇಲೆ 16, 4, ಕೊನೆಗೆ ಒಬ್ಬರು, ಒಟ್ಟು 1,365 ಮ್ಯಾನೇಜರ್, 6 ಪದರ. ಅದೇ ಒಬ್ಬೊಬ್ಬರ ಕೆಳಗೆ 8 ಜನ ಮಾಡಿದ್ರೆ 512, 64, 8, 1, ಒಟ್ಟು 585 ಮ್ಯಾನೇಜರ್, 4 ಪದರ ಸಾಕು. 780 ಸಂಬಳ ಉಳೀತು, ಸುದ್ದಿ ಮೇಲಿಂದ ಕೆಳಗೆ ಬರೋವಾಗ ದಾಟ್ಬೇಕಾದ ಬಾಗಿಲೂ ಎರಡು ಕಮ್ಮಿ ಆಯ್ತು. ಈ ಹಾಳೆ ನೋಡಿದ ಯಾವ ಬೋರ್ಡ್ ಆದ್ರೂ ಸೈ ಅನ್ನತ್ತೆ, ಅದರಲ್ಲಿ ತಪ್ಪೇನಿಲ್ಲ, ಪದರ ಜಾಸ್ತಿ ಆದ್ರೆ ಮೂಗಿಗಿಂತ ಮೂಗುತಿ ಭಾರ ಆಗೋದೂ ನಿಜ, ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಪರಿಸ್ಥಿತಿ ಎಲ್ಲ ದೊಡ್ಡ ಸಂಸ್ಥೆಲೂ ಇದೆ.

ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಸ್ಲೈಡ್ ಮೇಲೆ ಹಾಕಲ್ಲ. 1933ರಲ್ಲಿ ಗ್ರೈಕುನಾಸ್ ಅನ್ನೋರು ಒಬ್ಬ ಮೇಲಧಿಕಾರಿ ಕೆಳಗೆ ಜನ ಹೆಚ್ಚಾದ ಹಾಗೆ ಸಂಬಂಧಗಳು ಎಷ್ಟು ಹೆಚ್ಚಾಗತ್ತೆ ಅಂತ ಲೆಕ್ಕ ಹಾಕಿದ್ರು, ಒಬ್ಬೊಬ್ಬರ ಜೊತೆ ನೇರ ಸಂಬಂಧ, ಅವರವರ ನಡುವಿನ ಸಂಬಂಧ, ಗುಂಪು ಗುಂಪಾಗಿ ಸೇರಿದಾಗಿನ ಸಂಬಂಧ, ಎಲ್ಲಾನೂ. 5 ಜನ ಇದ್ರೆ 100, ಆರನೆಯವರು ಬಂದ್ರೆ 222. ನಿಜ ಜೀವನದಲ್ಲಿ ಇಷ್ಟೂ ಸಂಬಂಧ ದಿನಾ ಕೆಲಸಕ್ಕೆ ಬರಲ್ಲ, ಆದ್ರೆ ಒಬ್ಬರು ಜಾಸ್ತಿ ಆದ್ರೆ ಕೆಲಸ ಒಬ್ಬರಷ್ಟೇ ಜಾಸ್ತಿ ಆಗಲ್ಲ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ನಾನು ನೋಡಿಲ್ಲ. ಚಿಪ್ ಕಂಪನಿ ಎನ್‌ವಿಡಿಯಾದ ಸಿಇಒ ಜೆನ್ಸನ್ ಹುವಾಂಗ್‌ಗೆ 2024ರ ಹೊತ್ತಿಗೆ 60ರ ಆಸುಪಾಸು ಜನ ನೇರವಾಗಿ ರಿಪೋರ್ಟ್ ಮಾಡ್ತಿದ್ರಲ್ಲ ಅಂತ ಯಾರಾದ್ರೂ ಕೇಳ್ಬಹುದು. ಅವರಿಗೆ ರಿಪೋರ್ಟ್ ಮಾಡೋರು ತಮ್ಮ ತಮ್ಮ ಕ್ಷೇತ್ರದಲ್ಲಿ ದಶಕಗಟ್ಟಲೆ ನುರಿತೋರು, ಅವರಿಗೆ ಕೈಹಿಡಿದು ಕಲಿಸೋರು ಬೇಕಾಗಿಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿಗೆ ಬೇಕು. ಅವಳು ಬರೆದಿದ್ದನ್ನ ಕೂತು ಓದಿ, ಇಲ್ಲಿ ತಪ್ಪಾಗಿದೆ ನೋಡಮ್ಮ ಅಂತ ತೋರಿಸೋಕೆ ಒಬ್ಬರಿಗೆ ಟೈಮ್ ಇರ್ಬೇಕು. 20 ಜನನ ನೋಡ್ಕೊಳ್ಳೋ ಮ್ಯಾನೇಜರ್ ಹತ್ರ ಆ ಟೈಮ್ ಇರಲ್ಲ, ಅವರ ಮನಸ್ಸು ಎಷ್ಟೇ ಒಳ್ಳೇದಿದ್ರೂ ಸರಿ.

ಪದರ ತೆಗೆದ್ರೆ ಆ ಪದರದ ಕೆಲಸ ಮಾಯ ಆಗಲ್ಲ, ಬೇರೆಯವರ ತಲೆ ಮೇಲೆ ಹೋಗಿ ಕೂರತ್ತೆ. ಮಧ್ಯದ ಮ್ಯಾನೇಜರ್ ಮಾಡೋ ಕೆಲಸದಲ್ಲಿ ಅರ್ಧ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇರೋದೇ ಇಲ್ಲ. ಮೇಲಿಂದ ಬಂದ "ಈ ವರ್ಷ ಕಸ್ಟಮರೇ ಮುಖ್ಯ" ಅನ್ನೋ ಮಾತನ್ನ ನಾಳೆ ಬೆಳಗ್ಗೆ ಯಾರು ಏನ್ ಮಾಡ್ಬೇಕು ಅನ್ನೋದಕ್ಕೆ ಇಳಿಸೋದು, ಕೆಳಗಿನ ಸಿಟ್ಟನ್ನ ಮೇಲಿನೋರಿಗೆ ಅರ್ಥ ಆಗೋ ಭಾಷೆಲಿ ಮುಟ್ಟಿಸೋದು, ಇಬ್ಬರು ಜಗಳ ಆಡಿದ್ದನ್ನ ಎಚ್‌ಆರ್ ತನಕ ಹೋಗದ ಹಾಗೆ ಬಗೆಹರಿಸೋದು, ಮನೇಲಿ ತಾಯಿಗೆ ಹುಷಾರಿಲ್ಲದೋರ ಕೆಲಸನ ಸದ್ದಿಲ್ಲದೆ ಬೇರೆಯವರಿಗೆ ಹಂಚೋದು. ಎಐ ಮೀಟಿಂಗ್ ನೋಟ್ಸ್ ಬರೀಬಹುದು, ಈ ಕೊನೇದನ್ನ ಅದು ಮಾಡಲ್ಲ, ಯಾಕಂದ್ರೆ ಆ ವಿಷಯ ಯಾರೂ ಟೈಪ್ ಮಾಡಿರಲ್ಲ, ಮುಖ ನೋಡಿ ಗೊತ್ತಾಗಿರತ್ತೆ. ಅತ್ತ ದರಿ ಇತ್ತ ಪುಲಿ ಅನ್ನೋ ಜಾಗದಲ್ಲಿ ನಿಂತು ಕೆಲಸ ಮಾಡೋ ಈ ಜನರನ್ನ ಬರೀ ಖರ್ಚಿನ ಸಾಲು ಅಂತ ನೋಡೋದು ನಂಗೆ ನಿಜವಾಗ್ಲೂ ನೋವು ಕೊಡತ್ತೆ. ಕೆಲಸಕ್ಕೆ ಬಾರದ ಮ್ಯಾನೇಜರ್‌ಗಳು ಇದ್ದಾರೆ, ನಾನೂ ಅಂಥೋರ ಕೈಕೆಳಗೆ ಇದ್ದೆ, ಆದ್ರೆ ಪದರ ಕತ್ತರಿಸೋವಾಗ ಇವರು ಯಾರು ಅವರು ಯಾರು ಅಂತ ವಿಂಗಡಿಸೋಷ್ಟು ತಾಳ್ಮೆ ಯಾರಿಗೂ ಇರಲ್ಲ, ಒಂದು ಎಕ್ಸೆಲ್ ಶೀಟ್‌ನಲ್ಲಿ ಒಂದು ಕಾಲಮ್ಮೇ ಹೋಗ್ಬಿಡತ್ತೆ.

ಬಾಕ್ಸ್ ಬದಲಾಯಿಸಿ ಅಳತೆಗೋಲು ಹಾಗೇ ಬಿಟ್ರೆ ಏನಾಗತ್ತೆ ಅನ್ನೋದಕ್ಕೆ ಮೈಕ್ರೋಸಾಫ್ಟ್ ನೋಡ್ಬೇಕು. ಅಲ್ಲಿ ವರ್ಷಗಟ್ಟಲೆ ಒಂದು ಪದ್ಧತಿ ಇತ್ತು, ಪ್ರತಿ ಟೀಮಲ್ಲೂ ಇಷ್ಟು ಜನ ಮೇಲು, ಇಷ್ಟು ಜನ ಮಧ್ಯಮ, ಇಷ್ಟು ಜನ ಕಳಪೆ ಅಂತ ರ‍್ಯಾಂಕ್ ಕೊಡ್ಲೇಬೇಕು, ಟೀಮಲ್ಲಿ ಎಲ್ಲರೂ ಒಳ್ಳೇ ಕೆಲಸಗಾರರಾಗಿದ್ರೂ ಒಬ್ಬರು ಕೆಳಗೆ ಬೀಳಲೇಬೇಕು. ಹಿಂಗಿರೋವಾಗ ಪಕ್ಕದ ಸೀಟಿನೋರಿಗೆ ಸಹಾಯ ಮಾಡಿದ್ರೆ ನನ್ನ ರ‍್ಯಾಂಕೇ ಹೋಗತ್ತೆ, ಬುದ್ಧಿವಂತರು ಇನ್ನೊಬ್ಬ ಬುದ್ಧಿವಂತನ ಟೀಮಿಗೆ ಹೋಗೋಕೇ ಹಿಂಜರೀತಾರೆ. 2013ರ ಜುಲೈನಲ್ಲಿ ಆಗಿನ ಸಿಇಒ ಸ್ಟೀವ್ ಬಾಲ್ಮರ್ ಪ್ರಾಡಕ್ಟ್ ಡಿವಿಷನ್‌ಗಳ ಗೋಡೆ ಒಡೆದು ಎಲ್ಲರೂ ಒಂದೇ ಮೈಕ್ರೋಸಾಫ್ಟ್ ಅಂತ ದೊಡ್ಡ ಬದಲಾವಣೆ ಸಾರಿದ್ರು, ಆದ್ರೆ ಆ ರ‍್ಯಾಂಕ್ ಪದ್ಧತಿ ಕೈಬಿಟ್ಟಿದ್ದು ಅದೇ ವರ್ಷ ನವೆಂಬರ್‌ನಲ್ಲಿ. ನನ್ನ ಪ್ರಕಾರ ಆ ಎರಡನೇ ಸುದ್ದಿನೇ ದೊಡ್ಡದು. ಜನ ಕೆಲಸ ಮಾಡೋದು ಚಾರ್ಟ್ ನೋಡ್ಕೊಂಡಲ್ಲ, ಅಪ್ರೈಸಲ್ ಫಾರ್ಮ್ ನೋಡ್ಕೊಂಡು. ರಚನೆ ಒಳಗೆ ಯಾರು ಯಾರ ಜೊತೆ ಮಾತಾಡ್ತಾರೆ ಅನ್ನೋದು ಹೊರಗೆ ಬರೋ ವಸ್ತುವಿನಲ್ಲೂ ಅಚ್ಚಾಗತ್ತೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ರು, ನಾಲ್ಕು ಟೀಮು ಸೇರಿ ಒಂದು ಸಾಫ್ಟ್‌ವೇರ್ ಮಾಡಿದ್ರೆ ಅದರಲ್ಲಿ ನಾಲ್ಕು ತುಂಡು ಕಾಣತ್ತೆ. ಒಂದೇ ಆ್ಯಪ್‌ನಲ್ಲಿ ಮೂರು ಕಡೆ ಮೂರು ಸಲ ವಿಳಾಸ ಕೇಳಿದ್ರೆ ಒಳಗೆ ಮಾತುಬಿಟ್ಟ ಮೂರು ಟೀಮುಗಳಿವೆ ಅಂತ ಊಹಿಸ್ಕೋಬಹುದು.

ಈ ಪದರ ತೆಗೆಯೋ ಕೆಲಸನ ಪೂರ್ತಿ ಬೇರೆ ಥರ ಮಾಡಿದೋರೂ ಇದ್ದಾರೆ. ನೆದರ್ಲೆಂಡ್ಸ್‌ನ ಬ್ಯೂರ್ಟ್‌ಜೋರ್ಗ್ ಅಂತ ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡೋ ಸಂಸ್ಥೆ, 2006ರಲ್ಲಿ ಯೋಸ್ ಡಿ ಬ್ಲಾಕ್ ಅನ್ನೋ ನರ್ಸ್ ಶುರು ಮಾಡಿದ್ದು. ಮೊದಲು ಒಂದೇ ಟೀಮು, ಆಮೇಲೆ ಸಾವಿರಾರು ನರ್ಸ್‌ಗಳಿಗೆ ಬೆಳೀತು, ಆದ್ರೂ ಟೀಮುಗಳ ಮೇಲೆ ಮ್ಯಾನೇಜರ್ ಇಲ್ಲ. ಒಂದು ಟೀಮಲ್ಲಿ ಹೆಚ್ಚೂ ಅಂದ್ರೆ 12 ಜನ, ಯಾವ ರೋಗಿ ಮನೆಗೆ ಯಾರು ಹೋಗ್ಬೇಕು, ರಜೆ ಹೆಂಗೆ ಹಂಚ್ಕೋಬೇಕು, ಹೊಸಬರನ್ನ ತಗೋಬೇಕಾ, ಎಲ್ಲಾ ಅವರೇ ತೀರ್ಮಾನಿಸ್ತಾರೆ, ಸಿಕ್ಕಿಹಾಕ್ಕೊಂಡ್ರೆ ಕರೆಯೋಕೆ ಕೋಚ್‌ಗಳಿದ್ದಾರೆ, ಆ ಕೋಚ್‌ಗೆ ಆಜ್ಞೆ ಮಾಡೋ ಅಧಿಕಾರ ಇಲ್ಲ, ಬಿಲ್ಲಿಂಗು ಸಂಬಳ ಎಲ್ಲ ನೋಡ್ಕೊಳ್ಳೋಕೆ ಒಂದು ಚಿಕ್ಕ ಆಫೀಸು. ಇಲ್ಲಿ ಮ್ಯಾನೇಜರ್ ಕೆಲಸ ಎಲ್ಲಿಗೆ ಹೋಯ್ತು ಅಂತ ಕೇಳಿದ್ರೆ ಬೆರಳಿಟ್ಟು ತೋರಿಸ್ಬಹುದು, ಅದೇ ದೊಡ್ಡ ವ್ಯತ್ಯಾಸ. ಫ್ರಿಜ್, ವಾಷಿಂಗ್ ಮಷೀನ್ ಮಾಡೋ ಚೀನಾದ ಹೈಯರ್ ಕೂಡ ಝಾಂಗ್ ರುಯ್‌ಮಿನ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ 10 ಸಾವಿರಕ್ಕೂ ಹೆಚ್ಚು ಮಧ್ಯದ ಹುದ್ದೆಗಳನ್ನ ತೆಗೆದು, ಸಾವಿರಾರು ಪುಟ್ಟ ಪುಟ್ಟ ಘಟಕ ಮಾಡಿ ಲಾಭದಲ್ಲೂ ಪಾಲು ಕೊಡ್ತು, ಆದ್ರೆ ಅದಕ್ಕೆ ಹಿಡಿದಿದ್ದು ಬಹಳ ವರ್ಷ. ಆನ್‌ಲೈನ್ ಚಪ್ಪಲಿ ಮಾರೋ ಝಾಪೋಸ್ ಆತುರ ಮಾಡ್ತು. ಬಾಸ್‌ಗಳೇ ಇಲ್ಲದ ಹೊಲಾಕ್ರಸಿ ಪದ್ಧತಿ ತಂದು, 2015ರಲ್ಲಿ ಇಷ್ಟ ಇಲ್ಲದೋರು ಪರಿಹಾರ ತಗೊಂಡು ಹೋಗಬಹುದು ಅಂದಾಗ 14% ಜನ, 210 ಮಂದಿ, ಎದ್ದು ಹೋದ್ರು. ಅದೇ 2015ರಲ್ಲಿ ಐಎನ್‌ಜಿ ಬ್ಯಾಂಕ್ ನೆದರ್ಲೆಂಡ್ಸ್‌ನ ಹೆಡ್ಡಾಫೀಸಿನ ಸುಮಾರು 3,500 ಜನರನ್ನ ಮ್ಯೂಸಿಕ್ ಆ್ಯಪ್ ಕಂಪನಿ ಸ್ಪಾಟಿಫೈ ಥರ ಸ್ಕ್ವಾಡ್ ಅನ್ನೋ ಸಣ್ಣ ಸಣ್ಣ ಟೀಮುಗಳಿಗೆ ಹಾಕ್ತು, ಇದ್ದ ಕೆಲಸಕ್ಕೇ ಎಲ್ಲರೂ ಮತ್ತೆ ಅರ್ಜಿ ಹಾಕ್ಬೇಕಾಯ್ತು, ಹೊಸ ರೀತಿ ಯೋಚನೆ ಮಾಡೋರನ್ನ ಆರಿಸ್ಕೊಂಡ್ರು. ಇವನ್ನೆಲ್ಲ ನೋಡಿ ಸ್ಕ್ವಾಡು, ಕೆಲವು ಸ್ಕ್ವಾಡ್ ಸೇರಿದ ಗುಂಪಿಗೆ ಟ್ರೈಬು ಅನ್ನೋ ಹೆಸರುಗಳನ್ನಷ್ಟೇ ಎತ್ಕೊಂಡು ಬಂದ ಕಂಪನಿಗಳು ಎಷ್ಟೋ, ಟೀಮ್ ಲೀಡ್ ಅನ್ನೋ ಬೋರ್ಡ್ ತೆಗೆದು ಸ್ಕ್ವಾಡ್ ಲೀಡ್ ಅಂತ ಹಾಕಿ, ಬಜೆಟ್‌ಗೆ ಸೈನ್ ಮಾತ್ರ ಅದೇ ಹಳೇ ವೈಸ್ ಪ್ರೆಸಿಡೆಂಟೇ ಹಾಕ್ತಾ ಇರ್ತಾರೆ.

ಹಂಗಾಗಿ ನಿಮ್ಮ ಆಫೀಸಲ್ಲೂ ಹೊಸ ಚಾರ್ಟ್ ಬಂದಿದ್ರೆ ಅದರಲ್ಲಿ ನಿಮ್ಮ ಹೆಸರು ಎಲ್ಲಿದೆ ಅಂತ ನೋಡಿದ್ಮೇಲೆ, ಅದನ್ನ ಎಲ್ಲರೂ ಮೊದಲು ನೋಡ್ತಾರೆ ಅದು ಸಹಜ, ವಾರಕ್ಕೊಮ್ಮೆ ಮಾಡೋ ಯಾವುದಾದ್ರೂ ಒಂದು ಮಾಮೂಲಿ ತೀರ್ಮಾನ ತಗೊಂಡು ಇದು ಇನ್ಮೇಲೆ ಯಾರದ್ದು ಅಂತ ಮೀಟಿಂಗ್‌ನಲ್ಲೇ ಕೇಳಿ. ಉತ್ತರ ಒಂದು ಹೆಸರಾಗಿದ್ರೆ ಕೆಲಸ ನಡೆದಿದೆ. "ಎಲ್ಲರೂ ಸೇರಿ ನೋಡ್ಕೋತೀವಿ" ಅಂತ ಬಂದ್ರೆ ಮುಂದಿನ ಆರು ತಿಂಗಳು ಕಷ್ಟ ಇದೆ. ಅಪ್ರೈಸಲ್ ಯಾರು ಬರೀತಾರೆ, ಹಳೇ ಗುರಿಗಳು ಇವೆಯಾ ಹೋದ್ವಾ ಅಂತಾನೂ ಕೇಳಿ. ಮ್ಯಾನೇಜ್‌ಮೆಂಟ್‌ನಲ್ಲಿ ಇರೋರು ಓದ್ತಿದ್ರೆ ಅವರಿಗೂ ಒಂದು ಮಾತು, ಒಂದು ಬದಲಾವಣೆ ಮಾಡಿ ಅದು ಕೂತ್ಕೊಳ್ಳೋ ಮುಂಚೆನೇ ಇನ್ನೊಂದು ಮಾಡ್ಬೇಡಿ, ಜನ ಹೊಸದಾಗಿ ಪರಿಚಯ ಮಾಡ್ಕೊಂಡು ನಂಬಿಕೆ ಹುಟ್ಟೋ ಹೊತ್ತಿಗೆ ಅದನ್ನ ಮತ್ತೆ ಕಿತ್ತು ಹಾಕಿದ್ರೆ ಆಮೇಲೆ ಯಾರೂ ಬೇರು ಬಿಡಲ್ಲ, ಮುಂದಿನದು ಬರೋ ತನಕ ತಲೆ ತಗ್ಗಿಸ್ಕೊಂಡು ಕೂತಿರ್ತಾರೆ.

ನಮ್ಮ ರೀಫಂಡ್ ಕಥೆ ಸರಿ ಹೋಗಿದ್ದು ಒಂದು ಹಾಳೆಯಿಂದ. ಇಷ್ಟು ಮೊತ್ತದ ಒಳಗಿದ್ರೆ ಸಪೋರ್ಟ್‌ನಲ್ಲಿ ಫೋನ್ ಎತ್ತಿದೋರೇ ತೀರ್ಮಾನಿಸ್ಬಹುದು, ಅದರ ಮೇಲಾದ್ರೆ ಫೈನಾನ್ಸ್‌ನ ಇಂಥೋರು, ಅವರು ರಜೆ ಇದ್ರೆ ಇಂಥೋರು ಅಂತ ಯಾರೋ ಕೊನೆಗೂ ಬರೆದಿಟ್ರು, 11 ದಿನ 3 ದಿನಕ್ಕೆ ಇಳೀತು. ಅಷ್ಟೊತ್ತಿಗೆ ಎಂಟು ತಿಂಗಳು ಕಳೆದಿತ್ತು, ಎಷ್ಟು ಕಸ್ಟಮರ್‌ಗಳು ಬೈದು ಬಿಟ್ಟು ಹೋದ್ರೋ. ಆ ಮೇಡಂ ಕೊನೇ ದಿನ ಲ್ಯಾಪ್‌ಟಾಪ್ ವಾಪಸ್ ಕೊಟ್ರು, ಐಡಿ ಕಾರ್ಡ್ ಕೊಟ್ರು, ಡ್ರಾಯರ್ ಬೀಗದ ಕೈ ಕೊಟ್ರು, ಎಲ್ಲದಕ್ಕೂ ಒಂದು ಫಾರ್ಮ್‌ನಲ್ಲಿ ಟಿಕ್ ಹಾಕಿಸ್ಕೊಂಡ್ರು. ನೀವು ಹೋದ ತಿಂಗಳು ಯಾರ್ಯಾರಿಗೆ ಫೋನ್ ಮಾಡಿದ್ರಿ, ಯಾವ ವಿಷಯಕ್ಕೆ ಮಾಡಿದ್ರಿ ಅಂತ ಆ ಫಾರ್ಮ್‌ನಲ್ಲಿ ಎಲ್ಲೂ ಕೇಳಿರಲಿಲ್ಲ.